ಕೋಟೆಯ ಕೆಳಗೆ ಬಿದ್ದವರು

ಲೂಯಿಸಿಯಾನದ ಕಬ್ಬಿನ ತೋಟವೊಂದರಲ್ಲಿ ಗುಲಾಮರಾಗಿದ್ದ ನಾನು ಮತ್ತು ನನ್ನ ಭಾವ ವಾಲ್ಸಿನ್ ಒಂದೇ ದಿನ ತಪ್ಪಿಸಿಕೊಂಡು ಬಂದು, ನಮ್ಮನ್ನು ಗುಲಾಮರಾಗಿಟ್ಟಿದ್ದ ದಕ್ಷಿಣದವರ ಮೇಲೆ ಯುದ್ಧ ಹೂಡಿದ್ದ ಉತ್ತರದವರ ಸೈನ್ಯದ ಕರಿಯರ ದಳ ಸೇರಿದೆವು. ಭಾವನ ಹೆಂಡತಿ, ನನ್ನ ಅಕ್ಕ ಕ್ಲೆಮಾನ್ಸ್, ನಮ್ಮ ಹಿಂದೆಯೇ ಬಂದು ಬಿಡಾರದಲ್ಲಿ ಸಿಪಾಯಿಗಳ ಬಟ್ಟೆ ಒಗೆಯತೊಡಗಿದಳು.

ಮೇ ತಿಂಗಳ ಕೊನೆಗೆ ಒಂದು ಬೆಳಿಗ್ಗೆ, ದಕ್ಷಿಣದವರ ಕೈಯಲ್ಲಿದ್ದ ನದಿದಡದ ಕೋಟೆಗೆ ನುಗ್ಗಲು ಅಪ್ಪಣೆಯಾಯಿತು. ಸಾಲಿನಲ್ಲಿ ನಿಂತಿದ್ದಾಗ ಭಾವ ಮೆಲ್ಲಗೆ ಅಂದರು: "ಕಬ್ಬು ಕಡಿಯೋದಕ್ಕಿಂತ ಇದೇ ವಾಸಿ ಕಣೋ ಓನೆಸಿಮ್. ಬೆನ್ನ ಹಿಂದೆ ಚಾಟಿ ಇಲ್ಲ."

"ಮುಂದೆ ಫಿರಂಗಿ ಇದೆಯಲ್ಲ ಭಾವ!"

"ಇರ್ಲಿ ಬಿಡೋ. ಅದು ಕಣ್ಣಿಗಾದ್ರೂ ಕಾಣ್ಸತ್ತೆ."

ನಾವು ಕೋಟೆಯ ಬುಡ ಮುಟ್ಟಲಿಲ್ಲ. ಜವುಗು ದಾಟುವಷ್ಟರಲ್ಲಿ ಅರ್ಧ ಸಾಲು ನೆಲಕ್ಕುರುಳಿತ್ತು. ಭಾವನ ಕುತ್ತಿಗೆಗೆ ಗುಂಡು ಬಿತ್ತು. ಎಳೆದುಕೊಂಡು ಬರಲು ಬಗ್ಗಿದೆ; ಉಸಿರು ಆಗಲೇ ನಿಂತಿತ್ತು. ಅವರ ಕಣ್ಣು ಮುಚ್ಚಿಸಿ, ಅಲ್ಲೇ ಬಿಟ್ಟು ಓಡಿಬಂದೆ.

ಮರುದಿನ, ಬಿದ್ದವರನ್ನು ಎತ್ತಿಕೊಳ್ಳಲೆಂದು ಗುಂಡು ನಿಲ್ಲಿಸಿ ಬಿಳಿ ಬಾವುಟ ಹಾರಿಸಿದರು. ನಮ್ಮ ಸೈನ್ಯದ ಬಿಳಿಯ ಸಿಪಾಯಿಗಳು ಬಿದ್ದ ಕಡೆಗೆಲ್ಲ ಡೋಲಿಗಳು ಹೋದವು. ನಾನು ಗುದ್ದಲಿ ಹಿಡಿದು ಕ್ಯಾಪ್ಟನ್ ಮುಂದೆ ನಿಂತೆ.

"ನಮ್ಮ ದಳದವರು ಬಿದ್ದ ಕಡೆಗೆ ಅಪ್ಪಣೆ ಬಂದಿಲ್ಲ, ಹೋಗು," ಅಂದರು.

ವಾರ ಕಳೆಯಿತು. ಗಾಳಿ ನಮ್ಮ ಕಡೆ ತಿರುಗಿದಾಗ ನಾತಕ್ಕೆ ಊಟ ಬಿಟ್ಟು ಏಳುತ್ತಿದ್ದೆವು. ಕೋಟೆಯೊಳಗಿನವರೇ ಕೂಗಿದರು: "ಏ ಕರಿಯರಾ, ನಿಮ್ಮ ಹೆಣ ಎತ್ಕೊಂಡು ಸಾಯ್ರೋ! ನಾತ ತಡೆಯಕ್ಕಾಗ್ತಿಲ್ಲ!" ಕೊನೆಗೆ ಅವರು ಹೆಣ ಹೂಳಿಕೊಳ್ಳಿ ಎಂದು ಕಾಗದವನ್ನೂ ಕಳಿಸಿದರು. ಆ ಜಾಗದಲ್ಲಿ ನಮ್ಮವರ ಹೆಣ ಒಂದೂ ಇಲ್ಲ ಎಂದು ನಮ್ಮ ದೊಡ್ಡ ಅಧಿಕಾರಿಗಳು ಉತ್ತರ ಬರೆದರಂತೆ.

ಒಗೆಯುವ ತೊಟ್ಟಿಯ ಹತ್ತಿರ ಯಾರೋ ಈ ಮಾತು ಆಡಿದ್ದು ಅಕ್ಕನ ಕಿವಿಗೆ ಬಿತ್ತು. ಒದ್ದೆ ಕೈಯಲ್ಲೇ ಓಡಿಬಂದು ನನ್ನ ಅಂಗಿ ಹಿಡಿದಳು. ಅವಳ ಮುಖದಲ್ಲಿ ಬೆಳಕಿತ್ತು.

"ಹೆಣ ಇಲ್ವಂತಲ್ಲೋ! ಹಾಗಾದ್ರೆ ಬದುಕಿದ್ದಾರೆ. ಸೆರೆ ಹಿಡಿದಿರ್ಬೇಕು, ಅಲ್ವಾ?"

"ಅಕ್ಕ, ನಾನೇ ಮುಟ್ಟಿ ನೋಡಿದೀನಿ."

"ಗಾಬರೀಲಿ ನಿನಗೇನು ಗೊತ್ತಾಗಿರತ್ತೆ!"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಸತ್ತಿದ್ರು ಅಕ್ಕ. ಕಣ್ಣು ನಾನೇ ಮುಚ್ಚಿದೆ," ಅಂದೆ. ಅವಳು ನನ್ನ ಕೆನ್ನೆಗೆ ಹೊಡೆದಳು. ಮತ್ತೆ ಮತ್ತೆ ಹೊಡೆದಳು. ಆಮೇಲೆ ಹೋಗಿ ಉಳಿದ ಬಟ್ಟೆ ಹಿಂಡಿದಳು.

ಕೋಟೆ ಶರಣಾಗಿದ್ದು ಜುಲೈನಲ್ಲಿ. ಅಂದೇ ನಾನೂ ಅಕ್ಕನೂ ಜವುಗಿಗೆ ಇಳಿದೆವು. ನಮ್ಮ ದಳದ ನೀಲಿ ಅಂಗಿಗಳ ಚಿಂದಿ, ಮೂಳೆ, ಜೊಂಡು ಎಲ್ಲ ಒಂದಾಗಿದ್ದವು. ನಾನು ಭಾವ ಬಿದ್ದ ಜಾಗ ಹುಡುಕುತ್ತ ಅತ್ತಿತ್ತ ಅಲೆಯುತ್ತಿದ್ದೆ.

"ಯಾವುದು ಅವರದು ಅಂತ ಹುಡುಕ್ಬೇಡ," ಅಂದಳು ಅಕ್ಕ. "ಎಲ್ಲರನ್ನೂ ಎತ್ತು."

ಸಂಜೆಯವರೆಗೆ ಅಗೆದು ಎಲ್ಲರನ್ನೂ ಒಂದೇ ಗುಂಡಿಯಲ್ಲಿ ಮಲಗಿಸಿದೆವು. ನಾನು ಮಣ್ಣು ಎಳೆದೆ, ಪ್ರಾರ್ಥನೆ ಅಕ್ಕನೇ ಹೇಳಿದಳು. ಮೂರನೆಯ ದಿನ ನಮ್ಮ ದಳಕ್ಕೆ ಹೊರಡುವ ಅಪ್ಪಣೆ ಬಂತು. ನಾನು ಬಂದೂಕು ಹೊತ್ತು ನಡೆದೆ. ಅಕ್ಕ ಬರಲಿಲ್ಲ; ಆ ಗುಂಡಿಯ ಬಳಿಯೇ ಉಳಿದಳು.