ರಾವಸಾಬರಿಗೆ ಉಳಿದ ಒಂದು ಮಾತು

ರಾವಸಾಬರು ಗಟ್ಟಿ ನೆಲದ ಮೇಲೆ ನಡೆಯುವಾಗಲೂ ನೆಲವೇ ತಮ್ಮ ಕಾಲಡಿಯಲ್ಲಿ ಓಡುತ್ತಿದೆಯೇನೋ ಎಂಬಂತೆ ನಡೆಯುತ್ತಿದ್ದರು. ಪಾದಗಳನ್ನು ಅಗಲಿಸಿ, ಮೊಣಕಾಲುಗಳನ್ನು ತುಸು ಸಡಿಲಬಿಟ್ಟು, ಎಡಗೈಯನ್ನು ಯಾವುದೋ ಕಾಣದ ಕಂಬಿಯ ಕಡೆಗೆ ಅರ್ಧ ಎತ್ತಿಕೊಂಡು ಇಂಡಿ ಪಟ್ಟಣದ ಸಂತೆಯ ಜನಸಂದಣಿಯಲ್ಲಿ ಅವರು ಬರುತ್ತಿದ್ದರೆ, ಇವರು ಬಸ್ಸಿನ ಕಂಡಕ್ಟರರೆಂದು ಬೆನ್ನು ಕಂಡವರೂ ಹೇಳುತ್ತಿದ್ದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ನಡುವಿನ ಹಾದಿಗಳಲ್ಲಿ ಮೂರು ದಶಕ ನಿಂತೇ ಸವೆದ ದೇಹ ಅದು. ಬಾಗಿಲ ಬಳಿಯ ಕಂಡಕ್ಟರನ ಆಸನದಲ್ಲಿ ಅವರು ಕೂತದ್ದನ್ನು ಕಂಡವರಿಲ್ಲ. ಅಲ್ಲಿ ಯಾವಳೋ ಮುದುಕಿ, ಇಲ್ಲವೆ ಬಸುರಿ, ಯಾರೂ ಇಲ್ಲದಿದ್ದರೆ ಯಾರದೋ ಜೋಳದ ಚೀಲ ಕೂತಿರುತ್ತಿತ್ತು. ಕೂಡಿರೆಂದು ಯಾರಾದರೂ ಒತ್ತಾಯಿಸಿದರೆ, ಕಾಲರಿನೊಳಗೆ ಮಡಚಿಟ್ಟ ನೀಲಿ ಕರವಸ್ತ್ರವನ್ನು ಒಮ್ಮೆ ಸರಿಪಡಿಸಿಕೊಂಡು, "ಕುಂತ ಕಂಡಕ್ಟರಗ ಹಿಂದಿನ ಮಂದಿ ಕಾಣೂದಿಲ್ರಿ" ಎನ್ನುತ್ತಿದ್ದರು.

ಆ ತೆಳ್ಳನೆಯ ದೇಹದಿಂದ ಹೊರಡುತ್ತಿದ್ದ ಧ್ವನಿ ಮಾತ್ರ ದೇಹಕ್ಕಿಂತ ದೊಡ್ಡದು. "ರೈಟ್!" ಎಂದರೆ ಬಸ್ಸು ಹೊರಡಬೇಕು, "ಹೋಲ್ಡಾನ್!" ಎಂದರೆ ನಿಲ್ಲಬೇಕು. ಗದ್ದಲದಲ್ಲಿ ಧ್ವನಿ ಮುಟ್ಟದೆ ಹೋದರೆ ಅಂಗೈಯಿಂದ ಬಸ್ಸಿನ ತಗಡಿಗೆ ಬಡಿತ: ಎರಡು ಬಡಿದರೆ ಹೊರಡು, ಒಂದು ಬಡಿದರೆ ನಿಲ್ಲು. ಚಾಲಕ ಶಮಶುದ್ದೀನರು ಬಹುಕಾಲ ಅವರಿಗೆ ಬೆನ್ನು ತೋರಿಸಿಕೊಂಡು, ಆ ಧ್ವನಿಯೊಂದನ್ನೇ ನಂಬಿ ಗಾಡಿ ಓಡಿಸಿದವರು. ಆದರೆ ಆ 'ರೈಟ್' ಬಸ್ಸಿನೊಳಗೆ ಮಾತ್ರ ಉಳಿಯಲಿಲ್ಲ. ಊಟ ಮುಗಿಸಿ ಏಳುವಾಗ ರೈಟ್, ಜಗಳ ಸಾಕೆನಿಸಿದಾಗ ರೈಟ್, ಮಗ ಮುತ್ತುರಾಜ ಪರೀಕ್ಷೆಯಲ್ಲಿ ತೇರ್ಗಡೆಯಾದ ಸುದ್ದಿಗೆ ರೈಟ್, ಫೇಲಾದ ಸುದ್ದಿಗೆ ಕೊಂಚ ತಡೆದು ಅದೇ ರೈಟ್. ಅವರ ತಾಯಿ ತೀರಿಕೊಂಡ ದಿನ ಚಟ್ಟ ಹೊತ್ತವರು ಯಾರು ಮೊದಲು ಹೆಜ್ಜೆಯಿಡಬೇಕೆಂದು ತಿಳಿಯದೆ ತಡವರಿಸುತ್ತ ನಿಂತಾಗ, ಅಳುತ್ತಿದ್ದ ರಾವಸಾಬರ ಬಾಯಿಂದ ಅರಿವಿಲ್ಲದೆಯೇ "ರೈಟ್" ಎಂದು ಹೊರಟಿತಂತೆ. ಹೆಣ ಮುಂದೆ ಸಾಗಿತು. ನಗಬೇಕೋ ಅಳಬೇಕೋ ತಿಳಿಯದೆ ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರೆಂದು ಅವರ ಹೆಂಡತಿ ಯಲ್ಲವ್ವ ಈಗಲೂ ಹೇಳುತ್ತಾಳೆ.

ಆ ಮಾತಿನ ಇನ್ನೊಂದು ಅರ್ಥವೂ ರಾವಸಾಬರಿಗೆ ಗೊತ್ತಿತ್ತು. ಕೇರಿಯ ಬುದ್ಧವಿಹಾರದಲ್ಲಿ ಬಾಬಾಸಾಹೇಬರ ಚಿತ್ರದ ಕೆಳಗೆ ಕೂತು ಅಕ್ಷರ ಕಲಿತವರು ಅವರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಹಳ್ಳಿಯ ದೊಡ್ಡ ಕುಳವೊಂದು ಬಸ್ಸು ಹತ್ತಿ, ಟಿಕೀಟಿನ ದುಡ್ಡನ್ನು ಕೈಗೆ ಕೊಡದೆ ಸೀಟಿನ ಮೇಲಿಟ್ಟು, ಎತ್ತಿಕೋ ಎಂಬಂತೆ ಗದ್ದದಿಂದ ತೋರಿಸಿತು. ರಾವಸಾಬರು ತಗಡಿಗೆ ಒಂದು ಏಟು ಬಡಿದರು. ಬಸ್ಸು ನಿಂತಿತು.

"ಕೈಯಾಗ ಕೊಡ್ರಿ," ಅಂದರು.

"ಅಲ್ಲೇ ಇಟ್ಟೇನಲ್ಲೋ."

"ಕೈಯಾಗ ಇಸಗೊಳ್ಳೂದು ನನ್ನ ರೈಟ್ ಐತ್ರಿ. ಕೊಡೂ ತನಕ ಗಾಡಿ ಹೋಗೂದಿಲ್ಲ."

ಬಿಸಿಲಲ್ಲಿ ಕಾದ ತಗಡಿನೊಳಗೆ ಜನ ಬೆವರುತ್ತ ಕೂತರು. ಕೆಲವರು ಕಂಡಕ್ಟರನನ್ನು ಬೈದರು, ಕೂಸುಗಳು ಚೀರಿದವು. ಶಮಶುದ್ದೀನರು ಎಂಜಿನ್ ಆರಿಸಿ, ಇಳಿದು, ಬೇವಿನ ನೆರಳಿನಲ್ಲಿ ಬೀಡಿ ಹಚ್ಚಿದರು. ಕೊನೆಗೆ ಆ ಕುಳ ದುಡ್ಡೆತ್ತಿ ಅಂಗೈಯಲ್ಲಿಟ್ಟ ಮೇಲೆಯೇ ಆ ಹೊತ್ತಿನ "ರೈಟ್!" ಹೊರಟದ್ದು. ಅಷ್ಟು ಗಟ್ಟಿಯಾದ ಕೂಗನ್ನು ತಾವು ಮತ್ತೆ ಕೇಳಲಿಲ್ಲವೆಂದು ಶಮಶುದ್ದೀನರು ಹೇಳುತ್ತಿದ್ದರು.

ನಿವೃತ್ತರಾದ ಮರುವರ್ಷ ಒಂದು ಬೆಳಿಗ್ಗೆ ಚಹಾವನ್ನು ಬಸಿಗೆ ಸುರಿದುಕೊಂಡು ಕುಡಿಯುತ್ತಿದ್ದಾಗ ಬಸಿ ಕೈಜಾರಿತು. ಬಸಿ ಬಿದ್ದದ್ದು ಅವರಿಗೆ ತಿಳಿಯಲೇ ಇಲ್ಲ. ಹುಲ್ಲಿನ ಹೊರೆ ಉರುಳುವಂತೆ ಬಲಕ್ಕೆ ಉರುಳಿದರು. "ಒಂದ್ ಸೈಡ್ ಹೋಗೇತಿ," ಎಂದು ಓಣಿಯವರು ಮಾತಾಡಿಕೊಂಡರು. ಬಲಗೈ, ಬಲಗಾಲು, ಅವುಗಳೊಂದಿಗೆ ಮಾತೂ ಹೋಯಿತು. ವಾರಗಟ್ಟಲೆ ಗಂಟಲಿನಿಂದ ಬರಿಯ ಗಾಳಿ. ಒಂದು ಮಧ್ಯಾಹ್ನ ಯಲ್ಲವ್ವ ಅವರ ಬೆನ್ನೊರೆಸುತ್ತಿದ್ದಾಗ, ಅಳಿದ ಮನೆಯಲ್ಲಿ ನಿಂತುಳಿದ ಒಂಟಿ ಗೋಡೆಯಂತೆ, ಸ್ಪಷ್ಟವಾಗಿ ಒಂದು ಶಬ್ದ ಬಂತು: "ರೈಟ್."

ಅವಳು ಓಣಿಯವರನ್ನೆಲ್ಲ ಕೂಗಿ ಕರೆದಳು. ಆದರೆ ಅದರ ಹಿಂದೆ ಇನ್ನೊಂದು ಶಬ್ದ ಬರಲಿಲ್ಲ, ಮುಂದೆಯೂ ಬರಲಿಲ್ಲ. ನೀರಿಗೂ ರೈಟ್, ಬಹಿರ್ದೆಶೆಗೂ ರೈಟ್, ಸೊಳ್ಳೆಗೂ ರೈಟ್. ಕೇಳುವವರಿಗೆ ಎಲ್ಲವೂ ಒಂದೇ. ಯಲ್ಲವ್ವನಿಗೆ ಒಂದರಂತೆ ಇನ್ನೊಂದಿರಲಿಲ್ಲ. ಕೊನೆಯಲ್ಲಿ ಏರುವುದು ಅವಳನ್ನು ಕರೆಯುವ ರೈಟ್. ಸಂಸಾರ ಹೂಡಿದಂದಿನಿಂದ ಅವಳ ಹೆಸರು ಹಿಡಿದು ಕೂಗದ ಗಂಡ ಈಗ ದಿನವಿಡೀ ಕೂಗುತ್ತಿದ್ದ. ಎಳೆದದ್ದು ನೋವಿನದು. ಗಂಟಲಲ್ಲೇ ಮುರಿದು, ತುದಿಯ ಅಕ್ಷರ ನಾಲಗೆಗೆ ಮುಟ್ಟದೆ ನಿಂತುಹೋಗುವುದು 'ಬ್ಯಾಡ' ಎಂಬುದರ ರೈಟ್.

ಓಣಿಯ ಜನಕ್ಕೆ ಇದೊಂದು ಆಟವಾಯಿತು. "ಕಾಕಾ, ಈ ಸಲ ಮಳಿ ಬರ್ತೈತೇನ್ರಿ?" "ರೈಟ್." "ನಿಮ್ಮ ಸೊಸಿ ಅಡಗಿ ಭೇಷ್ ಮಾಡ್ತಾಳೇನ್ರಿ?" "ರೈಟ್." ನಗುತ್ತಿದ್ದರು. ಹಳ್ಳಿಯ ದೊಡ್ಡ ಕುಳದೆದುರು ಬಸ್ಸು ನಿಲ್ಲಿಸಿ ಕೈಚಾಚಿದ್ದ ಮನುಷ್ಯ ಮುಪ್ಪಿನಲ್ಲಿ, ಯಾವುದಕ್ಕೂ ಎದುರಾಡದ, ಕೇಳಿದ್ದಕ್ಕೆಲ್ಲ ತಲೆದೂಗುವ ಒಳ್ಳೆಯ ಮುದುಕನೆಂದು ಹೆಸರಾದ. ಮುತ್ತುರಾಜನೂ ಬೀಗರೆದುರು, "ನಮ್ಮಪ್ಪಂದು ಏನೂ ತಕರಾರಿಲ್ರಿ," ಎಂದು ಹೆಮ್ಮೆಯಿಂದಲೇ ಹೇಳುತ್ತಿದ್ದ. ಝಳಕಿಯ ಹೆದ್ದಾರಿಯ ಬದಿಗೆ ಟಯರಿನ ಅಂಗಡಿ ನಡೆಸುತ್ತಿದ್ದ ಅವನು ಕೆಟ್ಟ ಮಗನಲ್ಲ. ದಿನಾ ಹೊರಡುವ ಮೊದಲು ಅಪ್ಪನ ಗಡ್ಡ ತಾನೇ ಹೆರೆಯುತ್ತಿದ್ದ.

ರಾವಸಾಬರಿಗೆ ಒಂದು ಹಟ ಮಾತ್ರ ಉಳಿದಿತ್ತು: ನಿಲ್ಲುವುದು. ಎಡಗೈಯಿಂದ ಬಾಗಿಲ ಚೌಕಟ್ಟು ಹಿಡಿದು, ಸತ್ತ ಬಲಗಾಲನ್ನು ಕಂಬದಂತೆ ಊರಿಕೊಂಡು, ಹೊಸ್ತಿಲಾಚೆಯ ಹಾಸುಗಲ್ಲಿನ ಮೇಲೆ ನಿಂತು ರಸ್ತೆಯಲ್ಲಿ ಹೋಗುವ ಬಸ್ಸುಗಳನ್ನು ನೋಡುತ್ತಿದ್ದರು. ಯಲ್ಲವ್ವ ಕುರ್ಚಿ ತಂದಿಟ್ಟರೆ ಎಡಗೈಯಿಂದ ದೂಡುತ್ತಿದ್ದರು. ಬೇಸಿಗೆಯಲ್ಲಿ ಆ ಕಲ್ಲು ಹೆಂಚಿನಂತೆ ಕಾಯುತ್ತಿತ್ತು. ಎಡಪಾದ ಸುಟ್ಟಾಗ ಎತ್ತಿಡುತ್ತಿದ್ದರು. ಬಲಪಾದಕ್ಕೆ ಸುಟ್ಟದ್ದು ತಿಳಿಯಲಿಲ್ಲ. ಬೊಬ್ಬೆ ಎದ್ದು ಒಡೆಯಿತು. ಮೊದಲೇ ಸಕ್ಕರೆ ಕಾಯಿಲೆಯ ಮೈ. ಹೆಬ್ಬೆರಳು ಕಪ್ಪಾಯಿತು, ಕಪ್ಪು ಮೇಲೇರಿತು. ಸೇಂಗಾ ಎಣ್ಣೆ, ಅರಿಶಿನ, ಊರ ಡಾಕ್ಟರರ ಸೂಜಿ ಎಲ್ಲ ಮುಗಿದ ಮೇಲೆ ವಿಜಯಪುರದ ಒಂದು ಆಸ್ಪತ್ರೆಗೆ ಒಯ್ದರು.

ಅಲ್ಲಿಯ ಡಾಕ್ಟರು ಎಳೆಯ ವಯಸ್ಸಿನವರು, ಸಜ್ಜನರು. ಮನೆಯವರನ್ನು ಮಾತ್ರ ಕೇಳಿ ಮುಗಿಸಬಹುದಾಗಿದ್ದರೂ ಮಂಚದ ಬಳಿ ಬಂದು, ಬಾಗಿ, ರೋಗಿಯನ್ನೇ ಕೇಳಿದರು.

"ಅಜ್ಜಾರ, ಬಲಗಾಲು ತೆಗೀಬೇಕಾಗೇತಿ. ಬಿಟ್ರ ವಿಷ ಮೈತುಂಬ ಏರ್ತೈತಿ, ಜೀವಕ್ಕ ಆಗಿ ಬರೂದಿಲ್ಲ. ನಿಮ್ಮ ಒಪ್ಪಿಗಿ ಐತೇನ್ರಿ?"

ರಾವಸಾಬರು ಮೊದಲು ಮಗನನ್ನು, ಆಮೇಲೆ ಹೆಂಡತಿಯನ್ನು ನೋಡಿದರು. "ರೈ..." ಎಂದರು. ತುದಿ ಗಂಟಲಲ್ಲೇ ನಿಂತಿತು.

"ರೈಟ್ ಅಂದ್ರಲ್ಲ! ಭಾಳ ಧೈರ್ಯದ ಮನಷ್ಯಾ ಅದಾರ," ಎಂದರು ಡಾಕ್ಟರು, ನಿರಾಳವಾಗಿ.

ಆಗ ರಾವಸಾಬರ ಎಡಗೈ ಮೇಲೆದ್ದಿತು. ಅಂಗೈ ಮಂಚದ ಕಬ್ಬಿಣಕ್ಕೆ ಬಿತ್ತು, ಒಂದೇ ಸಲ. ಕೋಣೆಯವರೆಲ್ಲ ತಿರುಗಿ ನೋಡಿದರು. ರಾವಸಾಬರು ಕಾದರು. ಮತ್ತೆ ಒಂದೇ ಸಲ ಬಡಿದರು. ಎರಡನೆಯದನ್ನು ಹಿಂದೆಯೇ ಸೇರಿಸದೆ, ಕೈಯನ್ನು ಗಾಳಿಯಲ್ಲಿ ತಡೆದು ಹಿಡಿದಿದ್ದರು.

ಡಾಕ್ಟರಿಗೆ ಅದು ರೋಗಿಯ ತಳಮಳ. ಚಿಕ್ಕಂದಿನಲ್ಲಿ ಅಪ್ಪನ ಬಸ್ಸಿನಲ್ಲೇ ಶಾಲೆಗೆ ಹೋಗಿಬಂದ ಮುತ್ತುರಾಜನಿಗೆ ಹಾಗಿರಲಿಲ್ಲ. ಅವನ ಮುಖ ಒಮ್ಮೆ ಬಿಳಿಚಿಕೊಂಡದ್ದನ್ನು ಯಲ್ಲವ್ವ ಕಂಡಳು. ಅವನೂ ತಾಯಿಯನ್ನು ನೋಡಿದ.

"ಒಪ್ಯಾರ್ರೀ," ಎಂದ ಮುತ್ತುರಾಜ. "ನಮ್ಮಪ್ಪ ಎಲ್ಲಾಕ್ಕೂ ಒಪ್ತಾನ್ರಿ."

"ನೀವೇನಂತೀರಿ ಅಜ್ಜಿ?" ಎಂದು ಡಾಕ್ಟರು ಕೇಳಿದರು.

ಆ ಮುರಿದ ರೈಟ್ ಅವಳಿಗೆ ತಿಳಿದಿತ್ತು, ಆ ಒಂಟಿ ಏಟೂ ತಿಳಿದಿತ್ತು. ಇಲ್ಲವೆಂದರೆ ಎಂಟು ದಿನಕ್ಕೋ ಹತ್ತು ದಿನಕ್ಕೋ ಈ ಮುಖ ಇರುವುದಿಲ್ಲ ಎಂಬುದೂ ತಿಳಿದಿತ್ತು. "ಹೂಂ ರೀ," ಎಂದಳು.

ಕಾಲು ಹೋಯಿತು, ಜೀವ ಉಳಿಯಿತು. ಎಚ್ಚರವಾದಾಗ ರಾವಸಾಬರು ಹೊದಿಕೆ ಸಪಾಟಾಗಿದ್ದ ಜಾಗವನ್ನು ಬಹಳ ಹೊತ್ತು ನೋಡಿದರು. ಅಳಲಿಲ್ಲ, ಕೂಗಲಿಲ್ಲ. ಯಲ್ಲವ್ವ ನೀರು ಹಿಡಿದಳು, ಕುಡಿದರು. ನೋಯುತ್ತದೆಯೇ ಎಂದಳು, ಗೋಡೆ ನೋಡಿದರು. ಒಂದು ದಿನ ಹೋಯಿತು, ಒಂದು ವಾರ ಹೋಯಿತು, ಆ ಮಾತು ಬರಲಿಲ್ಲ. ಹೊಸದಾಗಿ ಏನಾದರೂ ಬಡಿದಿದೆಯೇ ಎಂದು ಡಾಕ್ಟರು ತಲೆಯ ಚಿತ್ರ ತೆಗೆಸಿ ನೋಡಿ, ಏನೂ ಇಲ್ಲವೆಂದರು. ಗಂಟಲಿಗೆ ಏನೂ ಆಗಿರಲಿಲ್ಲ. ನಿದ್ರೆಯಲ್ಲಿ ಮಾತ್ರ ಒಮ್ಮೊಮ್ಮೆ ತುಟಿ ಆ ಆಕಾರಕ್ಕೆ ಬಂದು ಹಾಗೆಯೇ ಮುಚ್ಚಿಕೊಳ್ಳುತ್ತಿತ್ತು.

ಮನೆಗೆ ಬಂದ ಮೇಲೆ ನೋಡಲು ಬಂದ ಶಮಶುದ್ದೀನರು ಹಾಸಿಗೆಯ ಕಡೆ ನೋಡುತ್ತ ನಿಂತೇ ಕೇಳಿದರು. "ಅವನ್ನ ಕೇಳಿದ್ರೇನವಾ?"

ಯಲ್ಲವ್ವ ಇದ್ದದ್ದನ್ನು ಇದ್ದಂತೆ ಹೇಳಿದಳು.

"ಒಂದಾ ಬಡದ್ನೇನು?"

"ಒಂದಾ."

ಶಮಶುದ್ದೀನರು ಗೆಳೆಯನ ಎಡಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು ಕೂತು, ತಂದಿಟ್ಟ ಚಹಾವನ್ನು ಮುಟ್ಟದೆ ಎದ್ದುಹೋದರು. ಮತ್ತೆ ಆ ಮನೆಗೆ ಬರಲಿಲ್ಲ.

ಮುತ್ತುರಾಜ ಗಾಲಿಕುರ್ಚಿ ತಂದ. ರಾವಸಾಬರು ಎದುರಾಡದೆ ಅದರಲ್ಲಿ ಕೂತರು. ರಸ್ತೆಯ ಕಡೆ ಮುಖ ಮಾಡಿ ಕೂರಿಸಿದರೆ ಕಣ್ಣು ಮುಚ್ಚುತ್ತಿದ್ದರು. ಒಂದು ಬೆಳಿಗ್ಗೆ ಗಡ್ಡ ಹೆರೆಯುತ್ತಿದ್ದ ಮಗ ಕತ್ತಿ ಕೆಳಗಿಟ್ಟು ತಾಯಿಯ ಕಡೆ ತಿರುಗಿದ. "ಅವ್ವಾ, ನಾ ಏನ್ ತಪ್ಪು ಮಾಡೇನಿ ಹೇಳು. ಅಪ್ಪ ಜೀವಂತ ಅದಾನಿಲ್ಲೋ?"

"ಅದಾನಪಾ," ಎಂದಳು ಯಲ್ಲವ್ವ. ಅದಕ್ಕಿಂತ ಹೆಚ್ಚಿಗೆ ಏನು ಹೇಳಿದರೂ ಸುಳ್ಳಾಗುತ್ತಿತ್ತು, ಇಲ್ಲವೆ ಮಗ ತಡೆಯಲಾರದಷ್ಟು ನಿಜವಾಗುತ್ತಿತ್ತು.

ಎರಡು ಚಳಿಗಾಲ ಹೀಗೆ ಕಳೆದವು. ಎರಡನೆಯದರ ಕೊನೆಗೆ, ಸುಗ್ಗಿಯ ಜೋಳ ಕಣಕ್ಕೆ ಬಂದ ದಿನಗಳಲ್ಲಿ, ರಾವಸಾಬರು ಕೂತಲ್ಲಿಯೇ ತೀರಿಕೊಂಡರು. ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದ ಹಿರಿಯ ಜೀವವೆಂದು ಮಣ್ಣು ಮಾಡಲು ಬಂದವರು ಹೊಗಳಿದರು. ಯಲ್ಲವ್ವ ಯಾರನ್ನೂ ತಿದ್ದಲಿಲ್ಲ.

ಇಂಥವರು ಎಲ್ಲ ಊರಿನಲ್ಲಿಯೂ ಇದ್ದಾರೆ. ಜೀವಮಾನವಿಡೀ ಪರರನ್ನು ಅವರವರ ಊರು ಮುಟ್ಟಿಸಿ, ತಮ್ಮದೆನ್ನುವ ಒಂದೆರಡು ಹಟಗಳನ್ನು ಮಾತ್ರ ಕಾಪಾಡಿಕೊಂಡು ಬಂದವರು. ದೇಹ ಕೈಕೊಟ್ಟ ಮೇಲೆ ಅವರ ಹಟವೂ ರೋಗದ ಭಾಗವೆಂಬಂತೆ ನಮಗೆ ಕಾಣತೊಡಗುತ್ತದೆ. ಅವರ ಪರವಾಗಿ ಒಪ್ಪುವುದು ಸೇವೆಯೆನಿಸುತ್ತದೆ. ಅವರ ಮಾತು ನಮಗೆ ಅರ್ಥವಾಗಲಿಲ್ಲವೆಂದು ಆಮೇಲೆ ಹೇಳಿಕೊಳ್ಳುತ್ತೇವೆ. ಬಹಳಷ್ಟು ಸಲ ಅರ್ಥವಾಗಿರುತ್ತದೆ. ಅವರು ಇಲ್ಲವೆಂದದ್ದನ್ನು ಪ್ರೀತಿಯಿಂದಲೇ ಮೀರಿದೆವೆಂಬುದನ್ನು ಮರೆಯಲು ನಮಗೆ ಅವರ ಸಹಾಯ ಬೇಕಾಗುತ್ತದೆ. ಅದೊಂದನ್ನು ಮಾತ್ರ ಅವರು ಕೊಡುವುದಿಲ್ಲ.