ಮೊದಲಿನ ಫೋಟೋ

"ಕೊಡಲಿ ಏಟು ಕಾಣಬಾರ್ದು ಸಾರ್. ಕೆಸರು ಮೆತ್ತಿಸಿಬುಡಾನ," ಎಂದ ಕಂಟ್ರಾಕ್ಟರ್ ಪ್ರಸನ್ನ ಕುಮಾರ್.

ಪಂಚಾಯ್ತಿ ಕಾರ್ಯದರ್ಶಿ ರೇಣುಕಯ್ಯ ರಸ್ತೆಯ ಬದಿಗೆ ಸರಿಸಿದ್ದ ಹುಣಸೆ ದಿಮ್ಮಿಯನ್ನು ನೋಡುತ್ತ ನಿಂತಿದ್ದರು. ಕಡಿದ ಜಾಗ ಇನ್ನೂ ತಿಳಿ ಹಳದಿಯಾಗಿತ್ತು. ಜೆಸಿಬಿಯ ಜೊತೆ ಬಂದಿದ್ದ ಆಳು ಚರಂಡಿಯಿಂದ ಬಾಂಡ್ಲಿಯಲ್ಲಿ ಕೆಸರು ತಂದು, ಗೋಡೆಗೆ ಮಣ್ಣು ಸಾರಿಸುವ ಹಾಗೆ ಆ ಹಳದಿಯ ಮೇಲೆ ನಿಧಾನವಾಗಿ ಬಳಿಯತೊಡಗಿದ.

ಭಾನುವಾರ ಸಂಜೆಯ ಗಾಳಿಮಳೆಗೆ ಪಂಚಾಯ್ತಿಯ ಆರು ಕಡೆ ಮರಗಳು ಉರುಳಿದ್ದವು. ಆರನ್ನೂ ರೇಣುಕಯ್ಯ ಆ ದಿನವೇ ಮೇಲಿನ ಕಚೇರಿಗೆ ವರದಿ ಮಾಡಿದ್ದರು. ಅದರಲ್ಲಿ ಮೊದಲನೆಯದು ಈ ಹುಣಸೆ. ಊರಿಂದ ಮಿಡಿಗೇಶಿ ಮೇಲೆ ಮಧುಗಿರಿಗೆ ಹೋಗುವ ಒಂದೇ ರಸ್ತೆಗೆ ಅಡ್ಡ ಬಿದ್ದಿತ್ತು. ಸೋಮವಾರ ಬೆಳಕು ಹರಿಯುವಷ್ಟರಲ್ಲಿ ಕಾಟಪ್ಪ ಕೊಡಲಿ ಹಿಡಿದು ಬಂದಿದ್ದ. ಅವನ ಹೆಂಡತಿ ಸಣ್ಣಕ್ಕನಿಗೆ ಮಂಗಳವಾರ ಮತ್ತು ಶುಕ್ರವಾರ ಮಧುಗಿರಿಯಲ್ಲಿ ಡಯಾಲಿಸಿಸ್. ಒಂದು ಸಲ ತಡವಾದರೂ ಅವಳ ಕಾಲು ಊದಿ ಉಸಿರು ಕಟ್ಟುತ್ತದೆಂದು ಊರಿಗೆಲ್ಲ ಗೊತ್ತಿತ್ತು. ಹಾಗಾಗಿ ಯಾರೂ ಯಾರನ್ನೂ ಕರೆಯಬೇಕಾಗಲಿಲ್ಲ. ಹತ್ತು ಮನೆಯವರು ಮಚ್ಚು, ಹಗ್ಗ ಹಿಡಿದು ಬಂದರು. ರೇಣುಕಯ್ಯನವರೂ ಪ್ಯಾಂಟು ಮಡಚಿ ಕೊಂಬೆ ಎಳೆದರು. ಮಧ್ಯಾಹ್ನದೊಳಗೆ ದಾರಿ ಬಿಟ್ಟಿತು. ಆ ಖುಷಿಯಲ್ಲಿ ಫೋಟೋ ತೆಗೆಯಬೇಕೆಂಬುದು ಅವರಿಗೆ ಹೊಳೆಯಲೇ ಇಲ್ಲ.

ಬುಧವಾರ ಆದೇಶ ಬಂತು. ಆರೂ ಕೆಲಸ ಒಂದೇ ಕಡತದಲ್ಲಿರಬೇಕು, ಮೂರು ಕೊಟೇಶನ್ ಪಡೆದು ಕಂಟ್ರಾಕ್ಟರಿಗೆ ವಹಿಸಬೇಕು, ಪ್ರತಿ ಜಾಗಕ್ಕೂ ಮೊದಲು, ನಡುವೆ, ನಂತರ ಎಂದು ಮೂರು ಫೋಟೋ ಬೇಕು. ಒಂದು ಫೋಟೋ ಇಲ್ಲದಿದ್ದರೂ ಕಡತ ವಾಪಸ್. ಮೂರೂ ಕೊಟೇಶನ್ನು ಪ್ರಸನ್ನ ಕುಮಾರನೇ ತಂದುಕೊಟ್ಟ. ಮೂರಕ್ಕೂ ಬೇರೆ ಬೇರೆ ಹೆಸರಿನ ಲೆಟರ್‌ಹೆಡ್ಡು. ಮಡಿಕೆ ಮಾತ್ರ ಒಂದೇ ಥರ, ಪಿನ್ನು ಒಂದೇ ಜಾಗದಲ್ಲಿ. ರೇಣುಕಯ್ಯ ಅದನ್ನು ನೋಡಿಯೂ ಸೀಲು ಒತ್ತಿದರು. ಶಾಲೆಯ ಅಂಗಳದಲ್ಲಿ ಬೇವಿನ ಮರ ಇನ್ನೂ ಬಿದ್ದಲ್ಲೇ ಇತ್ತು. ಸೋಮವಾರ ಶಾಲೆ ಶುರು.

"ಇವತ್ತು ಶುಕ್ರವಾರ ಕಣ್ರಿ," ಎಂದರು ರೇಣುಕಯ್ಯ. "ಸಣ್ಣಕ್ಕನ ಆಟೋ ಎಂಟಕ್ಕೆ ಬರುತ್ತೆ. ಒಂಬತ್ತಕ್ಕೆ ಅವಳು ಅಲ್ಲಿರಬೇಕು. ನಾಳೆ ತೆಗೆಯೋಣವೇ?"

"ನಾಳೆ ಜೆಸಿಬಿ ಶಿರಾದಾಗಿರ್ತದೆ. ಈಗಿನ್ನೂ ಏಳೂಕಾಲು. ಅಡ್ಡ ಇಡಾದು, ಫೋಟೋ ಹೊಡ್ಯಾದು, ಎತ್ತಾದು. ಹತ್ತು ನಿಮಿಷ. ನೀವೊಬ್ರು ಸಾರ್, ಮೋಡ ಇಲ್ದಿದ್ರೂ ಛತ್ರಿ ಹುಡ್ಕೋರು!"

ಆಳು ನಕ್ಕ. ರೇಣುಕಯ್ಯ ಗಡಿಯಾರ ನೋಡಿಕೊಂಡು ತಲೆಯಾಡಿಸಿದರು.

ದಿಮ್ಮಿ ರಸ್ತೆಗೆ ಅಡ್ಡ ಬಂದು ನಿಂತಿತು. ಜೆಸಿಬಿ ಹಿಂದೆ ಸರಿಯುವಾಗ, ಮಳೆ ಕುಡಿದು ಮೆತ್ತಗಾಗಿದ್ದ ರಸ್ತೆಯ ಅಂಚು ಕುಸಿದು, ಅದರ ಹಿಂದಿನ ಚಕ್ರ ಚರಂಡಿಗೆ ಇಳಿಯಿತು. ಇಂಜಿನ್ ಅರಚಿತು. ಚಕ್ರ ನಿಂತಲ್ಲೇ ತಿರುಗಿ ಇನ್ನಷ್ಟು ಹೂತುಕೊಂಡಿತು.

"ಐದೇ ನಿಮಿಷ ಸಾರ್," ಎಂದು ಆಪರೇಟರ್ ಕೂಗಿದ.

ಆ ಐದು ನಿಮಿಷ ಮುಗಿಯುವ ಮೊದಲೇ ಎಂಟು ಗಂಟೆಯಾಗಿ, ತಿಪ್ಪೇರುದ್ರನ ಆಟೋ ಬಂದು ನಿಂತಿತು. ಮುಂದೆ ಕೂತಿದ್ದ ಕಾಟಪ್ಪ ಇಳಿದು ಬಂದು ದಿಮ್ಮಿಯನ್ನೇ ನೋಡಿದ.

"ಯಾವನ್ಲಾ ಇದ್ನ ತಿರ್ಗಾ ಅಡ್ಡ ಹಾಕಿದ್ದು?"

"ಫೋಟೋಗೆ ಕಾಟಪ್ಪ. ಅವತ್ತು ತೆಗೆದಿರಲಿಲ್ಲ..." ಎಂದರು ರೇಣುಕಯ್ಯ.

"ಫೋಟಾಕ್ಕಾ?" ಕಾಟಪ್ಪ ಬಗ್ಗಿ ಕೆಸರನ್ನು ಬೆರಳಿಂದ ಮುಟ್ಟಿದ. "ಇದ್ಯಾಕೆ ಸ್ವಾಮಿ ಮೆತ್ತಿರಾದು? ನನ್ ಕೊಡ್ಲಿ ಕಂಡ್ರೆ ನಾಚ್ಕೆ ಆಯ್ತದಾ ನಿಮ್ಗೆ?"

ಆಟೋದೊಳಗಿಂದ ಸಣ್ಣಕ್ಕ, "ಬುಡು ಅತ್ಲಾಗೆ," ಎಂದಳು. "ಮದ್ವೇಲಿ ನಂದೊಂದು ಫೋಟಾ ತೆಗಿಸ್ನಿಲ್ಲ ನೀನು. ನೀನು ಕಡ್ದಿರೋ ಮರಕ್ಕಾದ್ರೂ ಆ ಯೋಗ ಬರ್ಲಿ."

ತಿಪ್ಪೇರುದ್ರ ಗೊಳ್ಳನೆ ನಕ್ಕ. ಕಾಟಪ್ಪನಿಗೂ ನಗು ಬಂತು. ಅವನು ಅಂಗಿ ಬಿಚ್ಚಿಟ್ಟು ಜೆಸಿಬಿಯ ಚಕ್ರದಡಿಗೆ ಕಲ್ಲು ಹಾಕಲು ಹೋದ. ಎಲ್ಲರೂ ಕೈ ಹಚ್ಚಿದರು. ಆಪರೇಟರ್ ಐದು ನಿಮಿಷ ಎನ್ನುತ್ತಲೇ ಇದ್ದ. ಎಂಟೂಮುಕ್ಕಾಲಾಯಿತು. ಸಣ್ಣಕ್ಕ ಮಾತು ನಿಲ್ಲಿಸಿ ಬಾಯಿಂದ ಉಸಿರಾಡುತ್ತಿದ್ದಳು.

ಕಾಟಪ್ಪ ಕೈಯಲ್ಲಿದ್ದ ಕಲ್ಲು ಕೆಳಗಿಟ್ಟ. ಯಾರನ್ನೂ ಏನೂ ಕೇಳದೆ ಆಟೋದ ಬಳಿ ಹೋಗಿ ಕುಕ್ಕರಗಾಲಲ್ಲಿ ಕೂತು, ಹೆಂಡತಿಯನ್ನು ಬೆನ್ನಿಗೆ ಹಾಕಿಕೊಂಡ. ಜೆಸಿಬಿ ಇಲ್ಲದ ಕಡೆಯ ತುದಿಯಲ್ಲಿ, ದಿಮ್ಮಿಗೂ ಚರಂಡಿಗೂ ನಡುವೆ ಒಂದು ಹೆಜ್ಜೆಯಷ್ಟು ಜಾಗವಿತ್ತು. ಅಲ್ಲಿ ಅವನ ಕಾಲು ಜಾರಿತು. ದಿಮ್ಮಿಯ ಕಡಿದ ತುದಿಗೆ ಚಾಚಿದ ಕೈಯೂ ಕೆಸರು ಕಿತ್ತುಕೊಂಡು ಜಾರಿತು. ರೇಣುಕಯ್ಯ ಎರಡು ಮಾರು ದೂರದಲ್ಲಿದ್ದರು.

"ಹೊಡೀರಿ ಸಾರ್, ಹೊಡೀರಿ!" ಎಂದ ಪ್ರಸನ್ನ ಕುಮಾರ್. "ಜನಕ್ಕೆ ತೊಂದ್ರೆ ಆಗಿರಾದು ಕಾಣ್ತದೆ. ಇಂಥದ್ದು ಬೇಕಂದ್ರೂ ಸಿಕ್ಕಲ್ಲ."

ಗಾಬರಿಯಲ್ಲಿ ರೇಣುಕಯ್ಯ ಅಲ್ಲಿಯವರೆಗೆ ಒಂದೂ ಫೋಟೋ ತೆಗೆದಿರಲಿಲ್ಲ. ಅವರ ಕೈ ಮುಂದೆ ಚಾಚಿತು, ಕೈಯಲ್ಲಿ ಫೋನಿತ್ತು. ಹೆಬ್ಬೆರಳು ಒತ್ತಿತು.

ಕಾಟಪ್ಪ ದಿಮ್ಮಿಯ ತುದಿಯನ್ನು ಮತ್ತೆ ಹಿಡಿದು ಸಾವರಿಸಿಕೊಂಡು ದಾಟಿದ. ಒಮ್ಮೆ ತಿರುಗಿ ಫೋನನ್ನು ನೋಡಿದ, ಅಷ್ಟೇ. ದಿಮ್ಮಿಯ ಆಚೆ ಬದಿಗೆ ನಿಂತಿದ್ದ ತನ್ನ ಜೀಪಿನಲ್ಲೇ ಅವರಿಬ್ಬರನ್ನೂ ಆಸ್ಪತ್ರೆಗೆ ಬಿಟ್ಟುಬರುವಂತೆ ಪ್ರಸನ್ನ ಕುಮಾರ್ ಡ್ರೈವರಿಗೆ ಹೇಳಿದ.

"ನಿನ್ ಹೊಟ್ಟೆ ತಣ್ಣಗಿರ್ಲಪ್ಪ," ಎಂದು ಸಣ್ಣಕ್ಕ ಪ್ರಸನ್ನ ಕುಮಾರನಿಗೆ ಕೈ ಮುಗಿದಳು.

ಹನ್ನೊಂದಕ್ಕೆ ಕಚೇರಿಯಲ್ಲಿ ರೇಣುಕಯ್ಯ ಕಂಪ್ಯೂಟರಿನಲ್ಲಿ ಕಡತಕ್ಕೆ ಫೋಟೋ ಹಾಕುತ್ತ ಕೂತಿದ್ದಾಗ ಫೋನು ಬಂತು.

"ಕಾಟಪ್ಪ ಸ್ವಾಮಿ. ನಾವು ಬರಾ ಹೊತ್ಗೆ ಒಂಬತ್ತೂವರೆ ದಾಟಿತ್ತು. ಆ ಮಂಚಕ್ಕೆ ಬೇರೇರ್ನ ಮಲಗ್ಸಿದ್ರು. ಸಂಜೆ ನಾಕಕ್ಕೆ ನೋಡಾನ ಅಂದವ್ರೆ. ಬೆಂಚಿನ ಮ್ಯಾಲೆ ಕೂರ್ಸಿವ್ನಿ. ಮಲಗ್ಸಿದ್ರೆ ಉಸ್ರು ಕಟ್ತದೆ."

"ನಾನು ಬರಲಾ ಕಾಟಪ್ಪ?"

"ನೀವು ಬಂದು ಏನ್ ಮಾಡೀರಿ, ಬುಡಿ." ಆಸ್ಪತ್ರೆಯ ಗಲಾಟೆಯ ನಡುವೆ ಅವನು ಕೇಳಿದ, "ಫೋಟಾ ಚೆಂದಾಗ್ ಬಂತಾ?"

ಫೋನು ಕಟ್ಟಾಯಿತು.

ಕೊನೆಗೂ ಜೆಸಿಬಿ ಮೇಲೆದ್ದು ದಿಮ್ಮಿ ಎತ್ತಿದಾಗ ತೆಗೆದ 'ನಡುವೆ', 'ನಂತರ' ಎರಡೂ ಆಗಲೇ ಹಾಕಿಯಾಗಿತ್ತು. 'ಮೊದಲು' ಎಂಬ ಚೌಕ ಖಾಲಿಯಿತ್ತು. ಅದಕ್ಕೆ ಇದ್ದದ್ದು ಬೆಳಗಿನ ಆ ಒಂದೇ ಚಿತ್ರ. ರೇಣುಕಯ್ಯ ಅದನ್ನು ದೊಡ್ಡದು ಮಾಡಿದರು. ಸಣ್ಣಕ್ಕನ ಮುಖ ಗಂಡನ ಕುತ್ತಿಗೆಯ ಹಿಂದೆ ಮರೆಯಾಗಿತ್ತು. ಒಂದು ಕಾಲಿನ ಚಪ್ಪಲಿ ಕೆಸರಲ್ಲಿ ಬಿದ್ದಿತ್ತು. ಕಾಟಪ್ಪನ ಕೈ ಜಾರಿದ ಜಾಗದಲ್ಲಿ ಕೆಸರು ಕಿತ್ತು, ಐದು ಬೆರಳಿನ ಹಳದಿ ಗೆರೆಗಳು ಎದ್ದು ಕಾಣುತ್ತಿದ್ದವು. ಅವುಗಳ ನಡುವೆ ಕೊಡಲಿಯ ಕಚ್ಚು. ಇದನ್ನು ಯಾರಾದರೂ ನೋಡಿ ವಾಪಸ್ ಕಳಿಸುತ್ತಾರೆ ಎಂದುಕೊಂಡರು. ಕಳಿಸಲಿ ಎಂದೂ ಅನಿಸಿತು. ಗುಂಡಿ ಒತ್ತಿದರು.

ಪರದೆಯ ಮೇಲೆ ಚಕ್ರವೊಂದು ತಿರುಗಿತು. ಹೊರಗೆ ಜೆಸಿಬಿ ಶಾಲೆಯ ಕಡೆ ಹೋಗುತ್ತ ಹಾರ್ನ್ ಮಾಡಿತು. ಚಕ್ರ ನಿಂತಾಗ ಚೌಕದ ಮೂಲೆಯಲ್ಲಿ ಒಪ್ಪಿಗೆಯ ಹಸಿರು ಗುರುತು ಮೂಡಿತು; ಅದರ ಪಕ್ಕದಲ್ಲೇ, ಹೆಬ್ಬೆಟ್ಟಿನಷ್ಟು ಚಿಕ್ಕದಾದ ಚಿತ್ರದಲ್ಲಿ, ಐದು ಹಳದಿ ಗೆರೆಗಳು.