ಬೇಡಪ್ಪನ ಜೋಡಿ

ಆಡಳಿತ ಪಕ್ಷದ ಹೂಚಕ್ರವನ್ನು ಸತ್ತವನ ಮಗಳು ಕಾಲಿನಿಂದಲೇ ಹೊಸಿಲಾಚೆ ತಳ್ಳಿದಳು. ಅದು ಮೆಟ್ಟಿಲಿಳಿದು ಉರುಳಿ, ತಂದವನ ಬೂಟಿಗೆ ತಾಗಿ ನಿಂತಿತು.

"ಹೂವನ್ನ ಕಾಲಲ್ಲಿ ಒದೀತಾರೇನೇ?" ಎಂದಳು ಸೋದರತ್ತೆ.

"ಒದೀಬೇಕಾದವರನ್ನ ಒದೆಯೋಕಾಗಲ್ಲವಲ್ಲ ಅತ್ತೆ, ಅದಕ್ಕೆ."

ತಂದವನು ಕಿವಿಗೆ ಬಿದ್ದರೂ ಬೀಳದವನಂತೆ ಒಳಗೆ ಬಂದು ಶವಪೆಟ್ಟಿಗೆಯ ಪಕ್ಕ ಕುರ್ಚಿ ಎಳೆದುಕೊಂಡ. ಸಂಸತ್ತಿನಲ್ಲಿ ಅವನಿಗೆ ಸಕ್ಕರೆಬಾಯಿ ಎಂದು ಹೆಸರು. ಪೆಟ್ಟಿಗೆಯಲ್ಲಿ ಮಲಗಿದ್ದವನು ಬೇಡಪ್ಪ. ಮೂವತ್ತೊಂದು ವರ್ಷ ವಿರೋಧ ಪಕ್ಷದ ಬೆಂಚು ಸವೆಸಿ, ಬಂದ ಮಸೂದೆಗೆಲ್ಲ 'ಬೇಡ' ಎಂದು ಕೈಯೆತ್ತಿ, ಸೋತು ಮನೆಗೆ ಬಂದು ಉಂಡು ಮಲಗಿದವನು.

ಇಬ್ಬರೂ ಜೋಡಿ. ಸಂಸತ್ತಿನಲ್ಲಿ ಹಾಗೊಂದು ರೂಢಿಯುಂಟು. ಆ ಕಡೆಯವನೊಬ್ಬ, ಈ ಕಡೆಯವನೊಬ್ಬ ಮಾತು ಕೊಟ್ಟುಕೊಳ್ಳುತ್ತಾರೆ. ಒಬ್ಬನಿಗೆ ಬರಲಾಗದ ದಿನ ಇನ್ನೊಬ್ಬನೂ ಮತ ಹಾಕದೆ ಹೊರಗಿರಬೇಕು. ಕಾಗದವಿಲ್ಲ, ಸಹಿಯಿಲ್ಲ, ಬರೀ ಬಾಯಿಮಾತು.

ಇವತ್ತು ಮೂರು ಗಂಟೆಗೆ ಕಾರ್ಮಿಕರ ಆಸ್ಪತ್ರೆಯನ್ನು ಮಾರುವ ಮಸೂದೆ ಮತಕ್ಕೆ ಬರುವುದಿತ್ತು. ಬೇಡಪ್ಪ ಇದ್ದಿದ್ದರೆ ಎರಡೂ ಕಡೆ ಸರಿಸಮ. ಸಮ ಬಂದರೆ ಮಸೂದೆ ಬಿದ್ದಂತೆ. ಈಗ ಒಂದು ತಲೆ ಕಡಿಮೆ. ಸಕ್ಕರೆಬಾಯಿ ಹೊರಗುಳಿದರೆ ಮಾತ್ರ ಮತ್ತೆ ಸಮ. ಮಗಳು ಅದೇ ಆಸ್ಪತ್ರೆಯ ಹೆರಿಗೆ ವಾರ್ಡಿನ ದಾದಿ. ಅಲ್ಲಿಯ ನಲವತ್ತು ಹಾಸಿಗೆಗಳಲ್ಲಿ ಯಾವುದರ ಕಾಲು ಅಲ್ಲಾಡುತ್ತದೆ ಎಂಬುದು ಅವಳಿಗೆ ಕಣ್ಣು ಮುಚ್ಚಿಯೂ ಗೊತ್ತು.

*

ಒಂಬತ್ತು ವರ್ಷದ ಹಿಂದೆ ಬಂದದ್ದು ಗಿರಣಿ ಮುಚ್ಚುವ ಮಸೂದೆ. ಅವತ್ತು ಸಕ್ಕರೆಬಾಯಿಯ ಹೆಂಡತಿಗೆ ಆಪರೇಷನ್, ಅವನು ಸಂಸತ್ತಿಗೆ ಬರಲಿಲ್ಲ. ಬೇಡಪ್ಪ ಒಳಗೆ ಹೋಗಿ ಕೈಯೆತ್ತಿದ್ದರೆ ಗಿರಣಿ ಉಳಿಯುತ್ತಿತ್ತು. ಅವನು ಮೊಗಸಾಲೆಯ ಬೆಂಚಿನ ಮೇಲೆ, ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತಿದ್ದ.

ಸಂಜೆಯ ಹೊತ್ತಿಗೆ ಮನೆಯ ಗೋಡೆಗೆ ಗಿರಣಿಯವರ ಕೆಸರು ಬಿತ್ತು. ಅಮ್ಮ ಅದನ್ನು ಉಜ್ಜುತ್ತ ಉಜ್ಜುತ್ತ ಕೇಳಿದಳು: "ಅವನಿಗೆ ಕೊಟ್ಟ ಮಾತು ಉಳಿಸಿಕೊಂಡ್ರಿ. ಗಿರಣಿಯವರಿಗೆ ಕೊಟ್ಟ ಮಾತು?"

"ಇದು ಬೇರೆ, ಅದು ಬೇರೆ."

"ನನಗೆ ಕೊಟ್ಟಿದ್ದು? ಇವಳು ದಾದಿ ಪಾಸಾದ ದಿನ ಬರ್ತೀನಿ ಅಂದಿದ್ರಿ."

ಅವನು ಬಕೆಟ್ಟಿನ ನೀರು ಬದಲಿಸಿಕೊಂಡು ಬಂದ. ಅದೇ ಉತ್ತರ. ಮುಂದೆ ಅಮ್ಮ ಸತ್ತ ದಿನವೂ ನೀರು ಹೊತ್ತು ತಂದವನು ಅವನೇ.

*

ಎರಡು ಗಂಟೆಗೆ ಬೇಡಪ್ಪನ ಪಕ್ಷದ ಕಾರ್ಯದರ್ಶಿ ಮಗಳನ್ನು ಅಡುಗೆಮನೆಗೆ ಕರೆದ.

"ಶವದ ವ್ಯಾನನ್ನ ಅಡ್ಡ ನಿಲ್ಲಿಸಿದ್ದೀನಿ ಕಣಮ್ಮ. ಅವನ ಕಾರು ಅದರ ಹಿಂದೆ ಸಿಕ್ಕಿಕೊಂಡಿದೆ. ಮೂರು ಗಂಟೆವರೆಗೂ ಡ್ರೈವರ್ ಸಿಗಲ್ಲ ಅಂತ ಹೇಳಿಬಿಡು."

"ಡ್ರೈವರ್ ಅಲ್ಲೇ ಟೀ ಕುಡೀತಿದ್ದಾನಲ್ಲ."

"ಕುಡೀಲಿ ಬಿಡು. ಹತ್ತು ಟೀ ನಾನು ಕೊಡಿಸ್ತೀನಿ."

"ಇಷ್ಟು ಬುದ್ಧಿ ಅಪ್ಪ ಬದುಕಿದ್ದಾಗ ಎಲ್ಲಿಟ್ಟಿದ್ರಿ? ಗಿರಣಿ ದಿನ ಅಪ್ಪನಿಗೆ ಉಗಿದವರಲ್ಲಿ ನೀವೇ ಮೊದಲಿಗರು."

ಅಷ್ಟರಲ್ಲಿ ಬಾಗಿಲಲ್ಲಿ ಸಕ್ಕರೆಬಾಯಿಯೇ ನಿಂತಿದ್ದ. ಕೈಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು.

"ನೋಡಮ್ಮ, ಆ ವ್ಯಾನು ಸ್ವಲ್ಪ ಸರಿಸಿದ್ರೆ ನಾನು ಹೊರಡ್ತೀನಿ."

"ಎಲ್ಲಿಗೆ?"

"ಗೊತ್ತಲ್ಲ ನಿನಗೆ."

"ನೀವಿಬ್ಬರೂ ಜೋಡಿ ಅಲ್ವಾ ಸಾರ್?"

"ಇದ್ದವರ ಜೊತೆ ಜೋಡಿ, ತಾಯಿ. ಸತ್ತವರ ಜೊತೆ ಯಾವ ಸಂಸತ್ತಿನಲ್ಲೂ ಜೋಡಿ ಇಲ್ಲ. ನಿಮ್ಮಪ್ಪ ಇದ್ದಿದ್ರೆ ಅವರೇ ಒಪ್ಪೋರು."

"ನಿಮ್ಮ ಹೆಂಡತಿ ಚೆನ್ನಾಗಿದ್ದಾರಾ?"

ಅವನ ಮುಖದ ಸಕ್ಕರೆ ಒಂದು ಗಳಿಗೆ ಕರಗಿತು. "ಚೆನ್ನಾಗಿದ್ದಾಳೆ," ಎಂದ. ಆಮೇಲೆ ದನಿ ಗಟ್ಟಿಯಾಯಿತು. "ಸಂಸದನ ದಾರಿ ತಡೆಯೋದು ಅಪರಾಧ. ನಿಮ್ಮಪ್ಪ ಯಾರ ದಾರೀನೂ ತಡೆದವರಲ್ಲ."

ಅದು ನಿಜವಾಗಿತ್ತು. ನಿಜವಾಗಿದ್ದರಿಂದಲೇ ಅವಳಿಗೆ ಮೈಯೆಲ್ಲ ಉರಿಯಿತು. ಅವನಿಗೆ ಸುಳ್ಳು ಹೇಳಿದರೆ ಅಪ್ಪನಿಗೆ ಅವಮಾನ. ದಾರಿ ಬಿಟ್ಟರೆ ನಲವತ್ತು ಹಾಸಿಗೆ ಹೋದಂತೆ. ಪೆಟ್ಟಿಗೆಯ ಹತ್ತಿರ ಹೋಗಿ ಅಪ್ಪನ ಮುಖ ನೋಡಿದಳು. ಸತ್ತ ಮೇಲೂ ಅದೇ ಮೊಂಡು ಗದ್ದ.

"ಸರಿ ಸಾರ್, ವ್ಯಾನು ಸರಿಸ್ತೀನಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. "ಅತ್ತೆ, ಮುಚ್ಚಳ ಹಾಕಿಸಿ. ಈಗಲೇ ಎತ್ತೋಣ."

"ನಾಲ್ಕು ಗಂಟೆಗೆ ಅಂದಿದ್ದೆಯಲ್ಲೇ?"

"ಸಾರ್‌ಗೆ ಅವಸರ ಅಂತೆ."

ಬೆಳಗಿನ ಪಾಳಿ ಮುಗಿಸಿದ ದಾದಿಯರು, ಆಯಾಗಳು, ಕೆಲಸ ಹೋದ ಗಿರಣಿಯವರು ಬೀದಿ ತುಂಬ ನಿಂತಿದ್ದರು. ಪೆಟ್ಟಿಗೆ ವ್ಯಾನೇರಿತು. ಮಗಳು ಡ್ರೈವರನ ಪಕ್ಕ ಹತ್ತಿ ಕೂತಳು. ಮುಂದೆ ಒಂದು ಮೈಲಿ ಮಸಣಕ್ಕೂ ಸಂಸತ್ತಿಗೂ ಒಂದೇ ರಸ್ತೆ: ಎಡಕ್ಕೆ ಕಾಲುವೆ, ಬಲಕ್ಕೆ ಮುಚ್ಚಿದ ಗಿರಣಿಯ ಗೋಡೆ.

"ಎಷ್ಟು ಜೋರು ಹೋಗಲಿ ಅಕ್ಕಾ?" ಎಂದ ಡ್ರೈವರ್.

"ಹೆಣದ ಗಾಡಿಯಪ್ಪ ಇದು. ಮೊದಲನೇ ಗೇರು ಬಿಟ್ಟು ಮೇಲೆ ಹೋಗಬೇಡ."

ವ್ಯಾನು ಸರಿಯಿತು. ಜನ ಅದರ ಎರಡೂ ಮಗ್ಗುಲಿಗೆ, ಹಿಂದೆ, ಮುಂದೆ ಹೆಜ್ಜೆ ಹಾಕಿದರು. ಹಿಂದಿನ ಕಾರು ಒಮ್ಮೆ ಹಾರ್ನ್ ಹೊಡೆಯಿತು. ಇನ್ನೂರು ತಲೆಗಳು ತಿರುಗಿ ನೋಡಿದ ಮೇಲೆ ಮತ್ತೆ ಹೊಡೆಯಲಿಲ್ಲ. ಎರಡೂ ಮುಕ್ಕಾಲಿಗೆ ಸಕ್ಕರೆಬಾಯಿ ಕಾರಿಳಿದು, ಗುಂಪನ್ನು ಸೀಳಿಕೊಂಡು ಮುಂದೆ ನುಗ್ಗಲು ನೋಡಿದ.

"ಅಯ್ಯೋ, ದೊಡ್ಡವರು ನಡೆದೇ ಬರ್ತಿದ್ದಾರೆ. ಜಾಗ ಬಿಡ್ರೇ!" ಎಂದಳೊಬ್ಬ ಮುದುಕಿ ಆಯಾ. ಅವಳು ಅವನ ಮೊಣಕೈ ಹಿಡಿದು ತಂದು, ವ್ಯಾನಿನ ಹಿಂಬದಿಯ ಸರಳಿನ ಮೇಲೆ ಅವನ ಕೈಯಿರಿಸಿ, ಬಿಡದಂತೆ ಮೇಲೆ ತನ್ನ ಕೈಯಿಟ್ಟಳು. "ಎಷ್ಟು ವರ್ಷದ ಸ್ನೇಹವೋ, ಪಾಪ."

ಮಗಳು ಪಕ್ಕದ ಕನ್ನಡಿಯನ್ನು ಬೆರಳಿನಿಂದ ಸ್ವಲ್ಪ ತಿರುಗಿಸಿದಳು. ಅಪ್ಪನ ಹಿಂದೆ ಅವನು ಹೆಜ್ಜೆಗೆ ಹೆಜ್ಜೆ ಕೂಡಿಸಿ ಬರುತ್ತಿದ್ದ. ಒಂದು ಕೈ ಮುದುಕಿಯ ಅಂಗೈಯಡಿ. ಇನ್ನೊಂದು ಕೈಯ ಫೋನು ಹೊಳೆಯುತ್ತಿತ್ತು, ಆರುತ್ತಿತ್ತು, ಮತ್ತೆ ಹೊಳೆಯುತ್ತಿತ್ತು.